ಒಂದೇ ದಿನ, ಒಂದೇ ನದಿ, ಹತ್ತು ಜಾತಿಯ ಮೀನು: ಗಾಳ ಹಾಕುವವರಿಗೆ ಹಂತ ಹಂತದ ಮಾರ್ಗದರ್ಶಿ

"ಬೆಳಗ್ಗೆಯಿಂದ ಸಂಜೆವರೆಗೆ ಕೂತರೂ ಅದೇ ಮೀನು ಬೀಳುತ್ತೆ. ನದಿಯಲ್ಲಿ ಅಷ್ಟೊಂದು ಜಾತಿ ಇದೆ ಅಂತಾರಲ್ಲ, ನನ್ನ ಗಾಳಕ್ಕೆ ಯಾಕೆ ಬರಲ್ಲ?" ಗಾಳದ ಹುಚ್ಚು ಹತ್ತಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೀನಿಲ್ಲ ಅಂತಲ್ಲ. ಒಂದೇ ಜಾಗ, ಒಂದೇ ಆಳ, ಒಂದೇ ಅಳತೆಯ ಗಾಳ, ಒಂದೇ ಎರೆ ಇಟ್ಟುಕೊಂಡು ಕೂತರೆ ಆ ನಾಲ್ಕಕ್ಕೂ ಒಗ್ಗುವ ಮೀನು ಮಾತ್ರ ಬರುತ್ತದೆ. ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಒಟ್ಟಿಗೆ ಸಾಕುವುದು ಯಾಕೆ ಅಂತ ನೆನಪಿಸಿಕೊಳ್ಳಿ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ನದಿಯಲ್ಲೂ ಲೆಕ್ಕ ಇದೇ, ಪದರಗಳು ಮಾತ್ರ ಇನ್ನೂ ಜಾಸ್ತಿ.

ಹಾಗಾಗಿ ಜಾತಿ ಎಣಿಸುವ ದಿನ ದೊಡ್ಡ ಮೀನಿನ ಆಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬೆರಳುದ್ದದ ಮೀನಿಗೂ ಒಂದು ಅಂಕ, ಮೊಳದುದ್ದದ ಮೀನಿಗೂ ಒಂದೇ ಅಂಕ.

ಹಂತ 1: ಹೊರಡುವ ಮುನ್ನ

ಮೊದಲು ಅನುಮತಿ. ಆ ನೀರಿನಲ್ಲಿ ಗಾಳ ಹಾಕಲು ಪರವಾನಗಿ ಬೇಕೇ, ಮೊಟ್ಟೆಯಿಡುವ ತಿಂಗಳುಗಳಲ್ಲಿ ನಿಷೇಧ ಇದೆಯೇ, ಒಬ್ಬರು ಎಷ್ಟು ಕೋಲು ಇಡಬಹುದು, ಯಾವ ಜಾತಿಯನ್ನು ಮುಟ್ಟುವಂತಿಲ್ಲ, ಇಷ್ಟನ್ನು ಆಯಾ ಜಾಗದ ಮೀನುಗಾರಿಕೆ ಇಲಾಖೆಯಲ್ಲೋ ಹಕ್ಕುದಾರರಲ್ಲೋ ಕೇಳಿಕೊಳ್ಳಿ. ರಾತ್ರಿ ಗಾಳ ಹಾಕಬಾರದು, ಜೀವಂತ ಮೀನನ್ನು ಎರೆಯಾಗಿ ಚುಚ್ಚಬಾರದು ಎಂಬ ನಿಯಮ ಬಹಳ ಕಡೆ ಇರುತ್ತದೆ. ಇವೆರಡನ್ನು ಬೇರೆಯಾಗಿಯೇ ಕೇಳಿ.

ಆಮೇಲೆ ಪಟ್ಟಿ. ಆ ನದಿಯಲ್ಲಿ ಸಿಗುವ ಹದಿನೈದು ಇಪ್ಪತ್ತು ಜಾತಿಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದರ ಮುಂದೆ ಮೂರು ವಿಷಯ ಸೇರಿಸಿ: ಯಾವ ಪದರ, ಏನು ತಿನ್ನುತ್ತದೆ, ಯಾವ ಹೊತ್ತು. ಪುಸ್ತಕ ಸಿಗದಿದ್ದರೆ ಮೀನಿನ ಬಾಯಿ ನೋಡಿದರೂ ಅರ್ಧ ತಿಳಿಯುತ್ತದೆ. ಕೆಳದುಟಿ ಮುಂದೆ ಚಾಚಿ ಬಾಯಿ ಮೇಲ್ಮುಖವಾಗಿದ್ದರೆ ಅದು ಮೇಲಿನಿಂದ ಬೀಳುವುದನ್ನು ತಿನ್ನುವ ಮೀನು. ಬಾಯಿ ನೇರ ಮುಂದಕ್ಕಿದ್ದರೆ ನಡುನೀರಿನದು. ಮೂತಿಯ ಅಡಿಯಲ್ಲಿದ್ದರೆ ತಳ ಕೆದಕುವುದು. ಮೀಸೆ ಉದ್ದವಾಗಿದ್ದಷ್ಟೂ ಅದು ಕಣ್ಣಿಗಿಂತ ವಾಸನೆ, ರುಚಿ, ಸ್ಪರ್ಶವನ್ನು ನಂಬಿದ ಮೀನು. ಕಲಕು ನೀರು, ಕತ್ತಲು ಅದಕ್ಕೆ ಅಡ್ಡಿಯಲ್ಲ.

ಹಂತ 2: ಸಾಮಾನು

ಮೂರು ಕೋಲು ಸಾಕು. ಒಬ್ಬರಿಗೆ ಎರಡೇ ಅಂತ ನಿಯಮವಿದ್ದರೆ ಮೂರನೆಯದನ್ನು ಮಡಚಿ ಚೀಲದಲ್ಲಿಡಿ.

ಒಂದು, ಬೆಂಡಿನ ಕೋಲು. ಬೆಂಡು ಅಂದರೆ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ತುಂಡು, ಮೀನು ಕಚ್ಚಿದರೆ ಅದು ಮುಳುಗಿ ತಿಳಿಸುತ್ತದೆ. 3ರಿಂದ 4 ಮೀಟರ್ ಉದ್ದದ ಹಗುರ ಕೋಲು, 0.14 ಅಥವಾ 0.16 ಮಿಲಿಮೀಟರ್ ನೈಲಾನ್ ದಾರ, ತುದಿಗೆ 0.10ರ ತುಂಡುದಾರ. ತುಂಡುದಾರ ಅಂದರೆ ಗಾಳ ಕಟ್ಟಿದ ಕೊನೆಯ 20–30 ಸೆಂಟಿಮೀಟರ್. ಇದು ಮುಖ್ಯ ದಾರಕ್ಕಿಂತ ತೆಳುವಾಗಿದ್ದರೆ ಗಾಳ ಎಲ್ಲಾದರೂ ಸಿಕ್ಕಿಕೊಂಡಾಗ ಬೆಂಡು ಉಳಿದು ತುಂಡುದಾರ ಮಾತ್ರ ಹೋಗುತ್ತದೆ.

ಎರಡು, ತಳದ ಕೋಲು. ರೀಲು ಇರುವ ಗಟ್ಟಿ ಕೋಲು, 0.28 ಅಥವಾ 0.30ರ ದಾರ, 20ರಿಂದ 40 ಗ್ರಾಂ ಗುಂಡು (ಎರೆಯನ್ನು ತಳಕ್ಕಿಳಿಸುವ ಭಾರ).

ಮೂರು, ಎಸೆಯುವ ಕೋಲು. ಸುಮಾರು 2 ಮೀಟರಿನದು, 0.20ರ ದಾರ. ಇದಕ್ಕೆ 3ರಿಂದ 5 ಗ್ರಾಂ ತೂಕದ ಸ್ಪಿನ್ನರ್ (ಎಳೆದಾಗ ಗಿರಗಿರ ತಿರುಗುವ ತಗಡಿನ ಹುಸಿ ಎರೆ), 5 ಸೆಂಟಿಮೀಟರ್ ಉದ್ದದ ರಬ್ಬರ್ ಮೀನು ನಾಲ್ಕಾರು. ಚೂಪು ಹಲ್ಲಿನ ಮೀನಿರುವ ನದಿಯಾದರೆ ಹುಸಿ ಎರೆಯ ಮುಂದೆ ಒಂದು ಗೇಣು ತೆಳು ತಂತಿ ಸೇರಿಸಿ. ಇಲ್ಲದಿದ್ದರೆ ಮೊದಲ ಕಚ್ಚಿಗೇ ದಾರ ಕತ್ತರಿಸಿಕೊಂಡು ಹೋಗುತ್ತದೆ.

ಈಗ ಗಾಳದ ನಂಬರು. ಹೊಸಬರು ತಪ್ಪುವುದು ಇಲ್ಲಿಯೇ. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು: 18ನೇ ನಂಬರಿನದು ಅಕ್ಕಿಕಾಳಿನಷ್ಟಿರುತ್ತದೆ, 6 ಅದಕ್ಕಿಂತ ಎಷ್ಟೋ ದೊಡ್ಡದು. 1ರ ಆಚೆಗೆ ಮಾತ್ರ ಲೆಕ್ಕ ತಿರುಗುತ್ತದೆ. 1/0, 2/0, 3/0 ಅಂತ ಬರೆದಿದ್ದರೆ ಹೋಗ್ತಾ ಹೋಗ್ತಾ ದೊಡ್ಡದು. ಈ ದಿನಕ್ಕೆ 20, 18, 16, 12, 8, 4 ಇಷ್ಟಿರಲಿ. ಮನೆಯಲ್ಲೇ ಪ್ರತಿ ಅಳತೆಯಲ್ಲೂ ಐದೈದನ್ನು ತುಂಡುದಾರಕ್ಕೆ ಕಟ್ಟಿ, ರಟ್ಟಿನ ತುಂಡಿಗೆ ಸುತ್ತಿ, ಮೇಲೆ ನಂಬರು ಬರೆದಿಡಿ. ಗಾಳಿಯಲ್ಲಿ, ಒದ್ದೆ ಕೈಯಲ್ಲಿ 20ನೇ ನಂಬರಿನ ಗಾಳ ಕಟ್ಟಲು ಹತ್ತು ನಿಮಿಷ ಹೋಗುತ್ತದೆ. ದಿನಕ್ಕೆ ಹತ್ತು ಸಲ ಬದಲಾಯಿಸುವವರಿಗೆ ಆ ಲೆಕ್ಕ ಗೊತ್ತಾಗಬೇಕು.

ಎಲ್ಲ ಗಾಳಗಳ ಹಿಮ್ಮುಳ್ಳನ್ನು, ಅಂದರೆ ತುದಿಯ ಹಿಂದೆ ಎದ್ದಿರುವ ಚಿಕ್ಕ ಮುಳ್ಳನ್ನು, ಇಕ್ಕಳದಲ್ಲಿ ಅದುಮಿ ಮಲಗಿಸಿ. ದಾರ ಬಿಗಿಯಾಗಿರುವವರೆಗೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಬಾಯಿಯೂ ಹರಿಯುವುದಿಲ್ಲ. ನಿಮ್ಮ ಬೆರಳಿಗೇ ಚುಚ್ಚಿಕೊಂಡ ದಿನ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಉಳಿದದ್ದು: ಗಂಟಿಲ್ಲದ ಮೆತ್ತನೆ ಕೈಬಲೆ, ಉದ್ದ ಮೂತಿಯ ಇಕ್ಕಳ, ಗಾಳ ಬಿಡಿಸುವ ಕಡ್ಡಿ, ಒಂದು ಪಾರದರ್ಶಕ ಡಬ್ಬಿ (ಫೋಟೊಗೆ), ಸೆಂಟಿಮೀಟರ್ ಗುರುತಿನ ಪಟ್ಟಿ, ಪೆನ್ಸಿಲ್, ನೋಟ್‌ಬುಕ್. ಗುಂಡು ಸೀಸದ್ದೇ ಆಗಬೇಕೆಂದಿಲ್ಲ. ಕಳೆದುಹೋದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವೆಂದು ಬ್ರಿಟನ್ನಿನಲ್ಲಿ 1987ರಿಂದ ಚಿಕ್ಕ ಸೀಸದ ಗುಂಡುಗಳಿಗೆ ನಿಷೇಧವಿದೆ. ತವರ ಅಥವಾ ಟಂಗ್‌ಸ್ಟನ್ನಿನವು ಸಿಕ್ಕರೆ ಅವನ್ನೇ ಕೊಳ್ಳಿ.

ಹಂತ 3: ಎರೆ

ಐದು ಬಗೆ ಒಯ್ಯಿರಿ: ಎರೆಹುಳು, ನೊಣದ ಮರಿಹುಳು, ಹಿಟ್ಟು, ಬೆಂದ ಮೆಕ್ಕೆಜೋಳದ ಕಾಳು, ಬ್ರೆಡ್. ಒಂದೇ ಒಯ್ಯಲು ಸಾಧ್ಯವೆಂದರೆ ಎರೆಹುಳು. ಅದನ್ನು ಒಲ್ಲೆ ಎನ್ನುವ ಮೀನು ಕಡಿಮೆ. ಇಡೀ ಹುಳು ದೊಡ್ಡ ಗಾಳಕ್ಕೆ, ಅದರದ್ದೇ ಕಡಲೆಬೇಳೆಯಷ್ಟು ತುಣುಕು ಚಿಕ್ಕ ಗಾಳಕ್ಕೆ. ಒದ್ದೆ ಮಣ್ಣು, ಎಲೆಯ ಜೊತೆ ತೂತುಗಳಿರುವ ಡಬ್ಬಿಯಲ್ಲಿ ನೆರಳಲ್ಲಿಡಿ. ಬಿಸಿಲಿಗೆ ಬಿಟ್ಟರೆ ಒಂದು ಗಂಟೆಯಲ್ಲಿ ಹುಳುಗಳು ಸತ್ತು ನಾರುತ್ತವೆ.

ಹಿಟ್ಟಿಗೆ ಒಂದು ಲೋಟ ಗೋಧಿಹಿಟ್ಟು ಸಾಕು. ನೀರನ್ನು ಚಮಚದಲ್ಲೇ ಹಾಕುತ್ತ, ಕಿವಿಯ ಹಾಲೆಯಷ್ಟು ಮೆದುವಾಗುವವರೆಗೆ ನಾದಿ. ಕೈಗೆ ಅಂಟಿದರೆ ನೀರು ಜಾಸ್ತಿಯಾಗಿದೆ, ಗಾಳದಲ್ಲಿ ನಿಲ್ಲುವುದಿಲ್ಲ. ಬಿರುಕು ಬಿಟ್ಟರೆ ಕಡಿಮೆಯಾಗಿದೆ, ಮೀನು ಬಾಯಿಗಿಟ್ಟು ಉಗುಳುತ್ತದೆ. ಸೆಳವು ಜೋರಿರುವ ಕಡೆ ಹಿಟ್ಟಿಗೆ ಹತ್ತಿಯ ಎಳೆ ಚೂರು ಸೇರಿಸಿ ನಾದಿದರೆ ಬಿಟ್ಟುಹೋಗದು.

ನೀರಿಗೆ ಎರಚುವ ಮೇವು ಬೇರೆ. ಒಣ ಬ್ರೆಡ್ ಪುಡಿಗೆ ಅಷ್ಟೇ ನದಿಯ ಮಣ್ಣು ಬೆರೆಸಿ, ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನೀರಿಗೆ ಬಿದ್ದು ಅರ್ಧ ನಿಮಿಷದಲ್ಲಿ ಒಡೆಯುವ ಹದಕ್ಕೆ ತನ್ನಿ. ಇದರ ಉದ್ದೇಶ ಮೀನನ್ನು ಸೇರಿಸುವುದು, ಹೊಟ್ಟೆ ತುಂಬಿಸುವುದಲ್ಲ. ಮಣ್ಣು ಬೆರೆಸುವುದು ಅದಕ್ಕೇ.

ಹಂತ 4: ಜಾಗ ಆರಿಸುವುದು

ಅರ್ಧ ಕಿಲೋಮೀಟರ್ ನಡಿಗೆಯೊಳಗೆ ನಾಲ್ಕೈದು ಥರದ ನೀರು ಇರುವ ಜಾಗ ಹುಡುಕಿ. ಒಳ್ಳೆಯ ತಿರುವೊಂದು ಸಿಕ್ಕರೆ ಬಹುತೇಕ ಎಲ್ಲವೂ ಅಲ್ಲೇ ಇರುತ್ತವೆ. ತಿರುವಿನ ಹೊರದಂಡೆಯನ್ನು ಸೆಳವು ಕೊರೆದು ಮಡು ಮಾಡಿರುತ್ತದೆ. ಒಳದಂಡೆಯಲ್ಲಿ ಮರಳು ಕೂತು ನೀರು ತೆಳುವಾಗಿರುತ್ತದೆ. ಮೇಲ್ಗಡೆ ಕಲ್ಲುಗಳ ಮೇಲೆ ಬಿಳಿನೊರೆಯಾಗಿ ಹರಿಯುವ ತೆಳುನೀರು, ಕೆಳಗಡೆ ಜೊಂಡು, ಎಲ್ಲೋ ಒಂದು ಹಳ್ಳ ಬಂದು ಸೇರುವ ಬಾಯಿ. ಇವು ಒಂದೊಂದೂ ಬೇರೆ ಮೀನಿನ ಮನೆ.

ಇವುಗಳಲ್ಲೆಲ್ಲ ಹೆಚ್ಚು ಫಲ ಕೊಡುವುದು ಜೋರು ನೀರು ಮತ್ತು ನಿಧಾನ ನೀರು ತಾಗುವ ಗೆರೆ. ನೊರೆ, ಎಲೆ, ಕಡ್ಡಿ ಸಾಲಾಗಿ ತೇಲಿ ಹೋಗುವುದು ಅದೇ ಗೆರೆಯ ಮೇಲೆ. ಮೀನು ನಿಧಾನ ನೀರಿನಲ್ಲಿ ಶ್ರಮವಿಲ್ಲದೆ ನಿಂತು, ಜೋರು ನೀರು ತರುವ ತಿಂಡಿಗೆ ಆಗಾಗ ಬಾಯಿ ಹಾಕುತ್ತದೆ.

ದಡಕ್ಕೆ ಬಂದಕೂಡಲೇ ನೀರಿಗಿಳಿಯಬೇಡಿ. ಮೊದಲ ಎಸೆತ ಕಾಲಬುಡದಲ್ಲೇ ಇರಲಿ. ಎಷ್ಟೋ ಜಾತಿ ದಡದಿಂದ ಒಂದು ಮಾರಿನೊಳಗೇ ಇರುತ್ತವೆ, ನಮ್ಮ ಹೆಜ್ಜೆಯ ಅದುರಿಗೆ ಓಡುತ್ತವೆ.

ಹಂತ 5: ನಸುಕು, ಬೇಟೆಮೀನಿನ ಹೊತ್ತು

ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಎಸೆಯುವ ಕೋಲು ಕೈಯಲ್ಲಿರಲಿ. ಬೇರೆ ಮೀನು ಹಿಡಿದು ತಿನ್ನುವ ಜಾತಿಗಳು ಮಬ್ಬು ಬೆಳಕಲ್ಲಿ ದಡದ ಹತ್ತಿರ ಬರುತ್ತವೆ. ಬಿಸಿಲೇರಿದ ಮೇಲೆ ಇವನ್ನು ಹುಡುಕುವುದು ಕಷ್ಟ. ಜೊಂಡಿನ ಅಂಚು, ಬಿದ್ದ ಮರ, ಮಡುವಿನ ಬಾಯಿ, ಒಂದೊಂದಕ್ಕೂ ಐದಾರು ಎಸೆತ, ಅಷ್ಟೇ. ಹಸಿದ ಬೇಟೆಮೀನು ಮೂರನೇ ಎಸೆತದೊಳಗೆ ಮೈಮೇಲೆ ಬೀಳುತ್ತದೆ. ಬರಲಿಲ್ಲವೆಂದರೆ ಮುಂದಿನ ಜಾಗ.

ಕೊರವನಂಥ (ಕುಚ್ಚು ಮೀನು ಅಂತಲೂ ಹೇಳುತ್ತಾರೆ) ಮೀನಿಗೆ ರಬ್ಬರ್ ಮೀನನ್ನು ಜೊಂಡಿನ ಸಂದಿಯಲ್ಲಿ ನಿಧಾನ ಎಳೆಯಿರಿ. ಕೊರವ ನೀರಿನ ಮೇಲೆ ಬಂದು ಗಾಳಿ ನುಂಗುವ ಮೀನು. ನಿಂತ ನೀರಿನಲ್ಲಿ "ಗುಳುಕ್" ಎಂದು ಉಂಗುರವೆದ್ದ ಕಡೆ ಕಣ್ಣಿಡಿ, ಉಂಗುರದ ಮೇಲೆಯೇ ಎಸೆಯದೆ ಒಂದು ಮಾರು ಆಚೆ ಎಸೆದು ಅದರತ್ತ ಎಳೆದು ತನ್ನಿ. ಮರಿಗಳ ಕೆಂಪು ಗುಂಪನ್ನು ಕಾಯುತ್ತಿರುವ ಜೋಡಿ ಕಂಡರೆ ಬಿಟ್ಟುಬಿಡಿ. ಅಪ್ಪ ಅಮ್ಮನನ್ನು ಎತ್ತಿದರೆ ಇಡೀ ಗುಂಪು ಬೇರೆ ಮೀನಿನ ಪಾಲಾಗುತ್ತದೆ.

ಈ ಹಂತಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಕೊಡಬೇಡಿ. ಮೀನು ಬಿದ್ದಿರಲಿ, ಬಿಡಲಿ.

ಹಂತ 6: ಆಳ ಅಳೆದು ಬೆಂಡು ಬಿಡುವುದು

ದಿನದ ಅರ್ಧಕ್ಕಿಂತ ಹೆಚ್ಚು ಜಾತಿ ಬರುವುದು ಈ ಕೋಲಿನಲ್ಲಿ. ನಿಧಾನವಾಗಿ, ಸರಿಯಾಗಿ ಮಾಡಿ.

ಮೊದಲು ಆಳ. ಗಾಳಕ್ಕೆ ಒಂದು ಭಾರವಾದ ಗುಂಡು ಸಿಕ್ಕಿಸಿ, ಎಲ್ಲಿ ಮೀನು ಹಿಡಿಯಬೇಕೆಂದಿದ್ದೀರೋ ಅಲ್ಲೇ ನೇರ ಕೆಳಗೆ ಬಿಡಿ. ಬೆಂಡು ಮುಳುಗಿ ಕಾಣೆಯಾದರೆ ದಾರ ಸಾಲದು, ಬೆಂಡನ್ನು ಮೇಲಕ್ಕೆ ಜರುಗಿಸಿ. ಬೆಂಡು ಅಡ್ಡ ಮಲಗಿದರೆ ದಾರ ಜಾಸ್ತಿ, ಕೆಳಕ್ಕೆ ಜರುಗಿಸಿ. ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತಾಗ ಗಾಳ ತಳಕ್ಕೆ ತಾಗಿದೆ ಎಂದರ್ಥ. ಆ ಜಾಗವನ್ನು ಕೋಲಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು ಭಾರದ ಗುಂಡು ತೆಗೆಯಿರಿ. ಇನ್ನು ದಿನವಿಡೀ ಗಾಳ ತಳದಿಂದ ಎಷ್ಟು ಮೇಲಿದೆ ಎಂದು ಊಹಿಸಬೇಕಿಲ್ಲ.

ಬೆಂಡಿನ ಕೆಳಗೆ ದಾರಕ್ಕೆ ಹಿಸುಕುವ ಸಣ್ಣ ಗುಂಡುಗಳನ್ನು ಬೆಂಡಿನ ತುದಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕಾಣದಷ್ಟು ಸೇರಿಸಿ. ಬೆಂಡು ಮೂರು ಬೆರಳು ಎತ್ತರ ನಿಂತಿದ್ದರೆ ಚಿಕ್ಕ ಮೀನು ಅದನ್ನು ಎಳೆಯಲಾರದು. ಎರೆ ತಿಂದು ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. "ಕಚ್ಚುತ್ತಿಲ್ಲ, ಆದರೆ ಎರೆ ಖಾಲಿ" ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಉಳಿದೆರಡು ಸಲ ಗಾಳ ದೊಡ್ಡದು.

18ನೇ ನಂಬರಿನ ಗಾಳಕ್ಕೆ ಒಂದು ಮರಿಹುಳು. ಹುಳುವಿನ ಮೊಂಡು ತುದಿಯ ಚರ್ಮಕ್ಕಷ್ಟೇ ಚುಚ್ಚಿ, ನಡುವಿಗೆ ಚುಚ್ಚಿದರೆ ರಸ ಸೋರಿ ಬರಿಯ ಸಿಪ್ಪೆ ಉಳಿಯುತ್ತದೆ. ಮೇವಿನ ಉಂಡೆ ನಿಂಬೆಹಣ್ಣಿನಷ್ಟು, ಮೊದಲಿಗೆ ನಾಲ್ಕು, ಆಮೇಲೆ ಹತ್ತು ನಿಮಿಷಕ್ಕೊಂದು. ಹರಿಯುವ ನೀರಿನಲ್ಲಿ ಉಂಡೆಯನ್ನು ಬೆಂಡಿಗಿಂತ ಮೇಲ್ಗಡೆ ಹಾಕಬೇಕು, ಎಷ್ಟು ಮೇಲೆ ಎಂಬುದು ಸೆಳವಿನ ಮೇಲೆ. ಬೆಂಡು ಬಿಟ್ಟ ಜಾಗದಲ್ಲೇ ಹಾಕಿದರೆ ಮೇವು ಕೆಳಗೆ ಹರಿದುಹೋಗಿ, ಅದರ ಹಿಂದೆ ಮೀನೂ ಹೋಗುತ್ತದೆ.

ಗಾಳ ತಳದಿಂದ ಒಂದು ಗೇಣು ಮೇಲಿರುವಂತೆ ಶುರು ಮಾಡಿ. ಆಮೇಲೆ ನೀರಿನ ಅರ್ಧ ಆಳ, ಆಮೇಲೆ ಮೇಲಿನಿಂದ ಒಂದು ಗೇಣು, ಕೊನೆಗೆ ತಳಕ್ಕೆ ತಾಗಿಸಿ. ಒಂದೇ ಜಾಗದಲ್ಲಿ ನಾಲ್ಕು ಪದರ, ಅಂದರೆ ನಾಲ್ಕು ಬೇರೆ ಜಾತಿಗೆ ಅವಕಾಶ.

ಹಂತ 7: ಯಾವಾಗ, ಏನನ್ನು ಬದಲಾಯಿಸಬೇಕು

ಒಂದೇ ಜಾತಿ ಸಾಲಾಗಿ ಮೂರು ಬಿತ್ತೆಂದರೆ ಏನಾದರೊಂದನ್ನು ಬದಲಾಯಿಸಿ. ಕಷ್ಟವಿರುವುದು ಇಲ್ಲೇ. ಎಸೆದಾಗಲೆಲ್ಲ ಮೀನು ಬರುತ್ತಿರುವಾಗ ಕೈ ಬಿಡಲು ಮನಸ್ಸು ಒಪ್ಪುವುದಿಲ್ಲ. ನಾಲ್ಕನೆಯ ಅದೇ ಮೀನಿಗೆ ಅಂಕವಿಲ್ಲ, ಸಮಯ ಮಾತ್ರ ಖರ್ಚು.

ಬದಲಾಯಿಸುವುದಕ್ಕೂ ಒಂದು ಕ್ರಮವಿದೆ, ಕಡಿಮೆ ಸಮಯ ತಿನ್ನುವುದು ಮೊದಲು: ಆಳ (ಹತ್ತು ಸೆಕೆಂಡು), ಎರೆ (ಅರ್ಧ ನಿಮಿಷ), ಗಾಳದ ಅಳತೆ (ಕಟ್ಟಿಟ್ಟಿದ್ದರೆ ಎರಡು ನಿಮಿಷ), ಜಾಗ (ಹದಿನೈದು ನಿಮಿಷ). ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ಹೊಸ ಮೀನು ಬಂದರೆ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಾಟ. ಏನೂ ಕಚ್ಚದೆ ಇಪ್ಪತ್ತು ನಿಮಿಷ ಕಳೆದರೂ ಇದೇ ಕ್ರಮ.

ಚಿಕ್ಕ ಮೀನಿನ ಗದ್ದಲ ದಾಟಿ ದೊಡ್ಡ ಬಾಯಿಯ ಮೀನಿಗೆ ಎರೆ ತಲುಪಿಸಬೇಕೆಂದರೆ ಮರಿಹುಳು ಬಿಟ್ಟು ಮೆಕ್ಕೆಜೋಳದ ಎರಡು ಕಾಳು, 12ನೇ ಗಾಳ. ಪುಟ್ಟ ಬಾಯಿಗೆ ಅದು ಹಿಡಿಸುವುದಿಲ್ಲ, ಗೆಂಡೆಯಂಥವಕ್ಕೆ ಹಿಡಿಸುತ್ತದೆ. ಆದರೆ 0.10ರ ತುಂಡುದಾರದಲ್ಲಿ ಗೆಂಡೆಯನ್ನು ಎಳೆಯಲು ಹೋಗಬೇಡಿ, 0.18ರದ್ದು ಹಾಕಿ.

ಮೇವು ಬಿದ್ದ ಜಾಗಕ್ಕೆ ಚಿಕ್ಕ ಮೀನು ಸೇರಿ ಒಂದು ಗಂಟೆಯಾದ ಮೇಲೆ ಇದ್ದಕ್ಕಿದ್ದಂತೆ ಕಚ್ಚು ನಿಂತುಹೋದರೆ ಬೇಸರ ಬೇಡ. ಕೆಳಗೆ ಬೇಟೆಮೀನು ಬಂದಿರಬಹುದು. ಎಸೆಯುವ ಕೋಲು ತೆಗೆದು ಮೇವಿನ ಜಾಗದ ಅಂಚಿನಲ್ಲಿ ಸ್ಪಿನ್ನರ್ ಎಳೆಯಿರಿ.

ಹಂತ 8: ತಳದ ಕೋಲು

ಮುಖ್ಯ ದಾರವನ್ನು ತೂತಿನ ಗುಂಡಿನೊಳಗೆ ತೂರಿಸಿ, ಒಂದು ಮಣಿ ಪೋಣಿಸಿ, ಸ್ವಿವೆಲ್‌ಗೆ (ದಾರ ಹುರಿಗೊಳ್ಳದಂತೆ ತಿರುಗುವ ಚಿಕ್ಕ ಕೊಂಡಿ) ಕಟ್ಟಿ. ಅದರ ಇನ್ನೊಂದು ತುದಿಗೆ 40–50 ಸೆಂಟಿಮೀಟರ್ ತುಂಡುದಾರ, 8ನೇ ಅಥವಾ 4ನೇ ಗಾಳ, ಇಡೀ ಎರೆಹುಳು. ಗುಂಡು ದಾರದ ಮೇಲೆ ಸಲೀಸಾಗಿ ಜಾರಬೇಕು. ಮೀನು ಎರೆ ಎತ್ತಿದಾಗ ಭಾರ ತಿಳಿಯದೆ ದಾರ ಮಾತ್ರ ಹೋಗಬೇಕು. ಗುಂಡನ್ನು ಬಿಗಿಯಾಗಿ ಕಟ್ಟಿದರೆ ಸಿಕ್ಕಿಕೊಂಡು ದಾರ ಹರಿದಾಗ ಮೀನು ಗುಂಡನ್ನೂ ಎಳೆದುಕೊಂಡು ತಿರುಗಬೇಕಾಗುತ್ತದೆ.

ಮಡುವಿನ ಮಧ್ಯಕ್ಕಿಂತ ಅದರ ಇಳಿಜಾರಿನ ಬುಡಕ್ಕೆ ಹಾಕಿ, ತಿಂಡಿ ಉರುಳಿ ಬಂದು ನಿಲ್ಲುವುದು ಅಲ್ಲೇ. ಈ ಕೋಲನ್ನು ಮರೆತು ಬೆಂಡಿನಲ್ಲಿ ಮುಳುಗಿದರೆ ಮೀನು ಗಾಳವನ್ನು ಹೊಟ್ಟೆಗೇ ಇಳಿಸಿಕೊಳ್ಳುತ್ತದೆ. ಕೋಲಿನ ತುದಿಗೆ ಚಿಕ್ಕ ಗೆಜ್ಜೆ ಕಟ್ಟಿ, ಕೈಗೆಟುಕುವಷ್ಟು ಹತ್ತಿರ ಇಡಿ. ಗಾಳ ನುಂಗಿಯೇ ಬಿಟ್ಟಿದ್ದರೆ ಕೆದಕಿ ತೆಗೆಯಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ, ಬದುಕುವ ಸಾಧ್ಯತೆ ಅದರಲ್ಲೇ ಹೆಚ್ಚು.

ಹಂತ 9: ನಡುಮಧ್ಯಾಹ್ನ, ಕಲ್ಲಿನ ಸಂದಿ

ಬಿಸಿಲು ನೆತ್ತಿಗೇರಿದಾಗ ನೀರು ಬಿಸಿಯಾಗಿ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ನೆರಳಿಗೋ ನೊರೆನೀರಿಗೋ ಹೋಗುತ್ತದೆ, ನೀವೂ ಅಲ್ಲಿಗೇ ಹೋಗಿ. ಬಹಳ ಜನ ಈ ಹೊತ್ತಿನಲ್ಲಿ ಬುತ್ತಿ ಬಿಚ್ಚಿ ಮಲಗುತ್ತಾರೆ. ಪಟ್ಟಿಯಲ್ಲಿ ಮೂರ್ನಾಲ್ಕು ಸಾಲು ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ತೆಳುನೀರಿನ ಕಲ್ಲುಗಳ ಅಡಿಯಲ್ಲಿ ಸೂರ್ಯನ ಗೊಡವೆಯಿಲ್ಲದೆ ಬದುಕುವ ಪುಟ್ಟ ಮೀನುಗಳಿವೆ. ಇವಕ್ಕೆ 20ನೇ ನಂಬರು ಅಥವಾ ಇನ್ನೂ ಚಿಕ್ಕ ಗಾಳ. ಜಪಾನಿನಲ್ಲಿ ತನಾಗೋ ಎಂಬ ಬೆರಳಿಗಿಂತ ಚಿಕ್ಕ ಮೀನಿಗಾಗಿಯೇ ತಯಾರಾಗುವ ಗಾಳಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬೆಂಡು ಬೇಡ. ಕೋಲಿನ ತುದಿಯಿಂದ ಒಂದು ಮೊಳ ದಾರ, ಗಾಳದಿಂದ ಎರಡು ಬೆರಳು ಮೇಲೆ ಒಂದು ಸಣ್ಣ ಗುಂಡು, ಎರೆಹುಳುವಿನ ಸಾಸಿವೆಯಷ್ಟು ತುಣುಕು. ಕಲ್ಲಿನ ಕೆಳಹೊಳೆಯ ಬದಿಯ ಸಂದಿಗೆ ಇಳಿಸಿ, ಎಣಿಸಿ ಹತ್ತರವರೆಗೆ ಕಾಯಿರಿ, ಒಂದಿಂಚು ಎತ್ತಿ ಮತ್ತೆ ಬಿಡಿ. ಕಣ್ಣಿಗೆ ಕಂಡರೆ ಎರೆಯನ್ನು ಮೀನಿನ ಮೂತಿಯ ಮುಂದೆಯೇ ಇಡಬಹುದು. ಎರೆ ದೊಡ್ಡದಾದರೆ ತುದಿ ಹಿಡಿದು ಜಗ್ಗುತ್ತದೆ, ಮೇಲೆತ್ತುವಾಗ ಬಿಟ್ಟುಬಿಡುತ್ತದೆ. ಕೋಪ ಮಾಡಿಕೊಳ್ಳದೆ ತುಣುಕನ್ನು ಅರ್ಧ ಮಾಡಿ.

ನೆರಳಿನ ಕೆಳಗೆ ಮೀನು ಬಾಯಿ ಮೇಲೆ ಮಾಡಿ ತುಟಿ ಬಡಿಯುತ್ತಿದ್ದರೆ, ಗುಂಡು ಇಲ್ಲದ ದಾರದಲ್ಲಿ ಬ್ರೆಡ್ಡಿನ ತುಣುಕು ತೇಲಿಬಿಡಿ.

ಹಂತ 10: ಸಂಜೆ

ಬೆಳಕು ಇಳಿಯುವ ಕೊನೆಯ ಒಂದೂವರೆ ಗಂಟೆ ಮೀಸೆಮೀನು ಮತ್ತು ಹಾವುಮೀನುಗಳದ್ದು. ತಳದ ಕೋಲಿಗೆ ಎರಡು ಎರೆಹುಳು ಒಟ್ಟಿಗೆ ಚುಚ್ಚಿ, ತುದಿ ಅಲ್ಲಾಡುವಂತಿರಲಿ. ಮಳೆಯಾಗಿ ನೀರು ಕಲಕಾಗಿದ್ದರೆ ಇವು ಹಗಲಲ್ಲೂ ತಿರುಗಾಡುತ್ತವೆ. ಅಂಥ ದಿನ ಸ್ಪಿನ್ನರಿನ ಸಮಯವನ್ನು ತಳಕ್ಕೆ ಕೊಡಿ.

ಹಂತ 11: ಗುರುತು ಹಚ್ಚುವುದು

ಹಿಡಿದದ್ದೆಷ್ಟು ಜಾತಿ ಎಂಬ ಜಗಳ ಸಂಜೆ ಶುರುವಾಗುತ್ತದೆ. ಹಾಗಾಗಿ ಫೋಟೊ ಆಗಲೇ ತೆಗೆಯಿರಿ. ನೀರು ತುಂಬಿದ ಪಾರದರ್ಶಕ ಡಬ್ಬಿಯಲ್ಲಿ ಚಿಕ್ಕ ಮೀನಿಟ್ಟು ಪಕ್ಕದಿಂದ ಒಂದು. ಈಜುರೆಕ್ಕೆ ಬಿಚ್ಚಿದಂತೆ ಒಂದು. ತಲೆ, ಬಾಯಿ, ಮೀಸೆ ಹತ್ತಿರದಿಂದ ಒಂದು. ದೊಡ್ಡ ಮೀನಾದರೆ ಒದ್ದೆ ಕೈಯಲ್ಲೇ ಹಿಡಿಯಿರಿ. ಒಣ ಕೈ, ಬಟ್ಟೆ ತಾಗಿದರೆ ಮೈಮೇಲಿನ ಲೋಳೆ ಅಳಿಸಿ ರೋಗ ಹತ್ತುತ್ತದೆ. ನೀರಿನ ಹೊರಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ.

ನೋಡಬೇಕಾದದ್ದು: ಮೀಸೆ ಎಷ್ಟು ಜೊತೆ, ಬೆನ್ನಿನ ರೆಕ್ಕೆ ಉದ್ದವೋ ಗಿಡ್ಡವೋ, ಪಕ್ಕದ ಗೆರೆಯ (ಮೈಯ ಎರಡೂ ಬದಿ ಕಿವಿರಿನಿಂದ ಬಾಲದವರೆಗೆ ಸಾಗುವ ಚುಕ್ಕೆಸಾಲು) ಮೇಲೆ ಎಷ್ಟು ಹುರುಪೆ, ಬಾಲದ ಬುಡದಲ್ಲಿ ಮಚ್ಚೆ ಇದೆಯೇ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಕಾಟ್ಲಾಕ್ಕೆ ಒಂದೂ ಇಲ್ಲ. ಮೀಸೆಮೀನುಗಳಾದ ಚೇಳುಮೀನಿಗೂ ಮುರುಗೋಡಿಗೂ ನಾಲ್ಕು ಜೊತೆ ಮೀಸೆಯೇ, ಆದರೆ ಚೇಳುಮೀನಿನ ಬೆನ್ನುರೆಕ್ಕೆ ಪುಟ್ಟದು, ಮುರುಗೋಡಿನದ್ದು ಬೆನ್ನುದ್ದಕ್ಕೂ. ಬಣ್ಣವನ್ನು ನಂಬಬೇಡಿ: ಕಲಕು ನೀರಿನ ಮೀನು ಬಿಳಿಚಿರುತ್ತದೆ, ಮೊಟ್ಟೆಯಿಡುವ ಕಾಲದ ಗಂಡು ಬೇರೆಯೇ ಬಣ್ಣ ಹೊದೆಯುತ್ತದೆ.

ಎರಡು ಸಲ ಎಣಿಸುವ ತಪ್ಪು ಹೀಗೇ ಆಗುವುದು. ಅಲ್ಲೊಂದು ಇಲ್ಲೊಂದು ದೊಡ್ಡ ಹುರುಪೆಯಿರುವ ಕನ್ನಡಿ ಗೆಂಡೆ ಬೇರೆ ಜಾತಿಯಲ್ಲ, ಸಾಮಾನ್ಯ ಗೆಂಡೆಯೇ. ಒಂದೇ ಮೀನಿನ ಮರಿಗೆ ಒಂದು ಹೆಸರು, ಬಲಿತದ್ದಕ್ಕೆ ಇನ್ನೊಂದು ಹೆಸರು ಇರುವುದೂ ಉಂಟು. ಅನುಮಾನವಿದ್ದರೆ ಪಟ್ಟಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಅಂಕ ಕೊಟ್ಟುಕೊಳ್ಳಬೇಡಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಮೀನಿಗೂ ಹೊತ್ತು, ಜಾಗ, ಆಳ, ಎರೆ, ಗಾಳದ ನಂಬರು. ಐದೇ ಪದ.

ಮೈಗೆ ಸಂಬಂಧಿಸಿದ ಎಚ್ಚರಿಕೆ

ಮೀಸೆಮೀನುಗಳ ಎದೆಯ ಎರಡು ರೆಕ್ಕೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಗಟ್ಟಿ ಮುಳ್ಳಿರುತ್ತದೆ, ಹಲವು ಜಾತಿಗಳಿಗೆ ಬೆನ್ನುರೆಕ್ಕೆಯಲ್ಲೂ ಒಂದು. ಹೆದರಿದಾಗ ಅವನ್ನು ನಿಮಿರಿಸಿ ಬೀಗ ಹಾಕಿದಂತೆ ನಿಲ್ಲಿಸುತ್ತವೆ. ಕೈಯಲ್ಲಿ ಅದುಮಿ ಹಿಡಿಯದೆ, ಬಲೆಯೊಳಗೇ ಇಟ್ಟು ಇಕ್ಕಳದಲ್ಲಿ ಗಾಳ ಬಿಡಿಸಿ. ಚೇಳುಮೀನಿನ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಗಾಯ ತೊಳೆದು, 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಿ, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಿ, ನೋವಿನಲ್ಲಿರುವ ಕೈಗೆ ಸುಡುವುದೂ ತಿಳಿಯದು. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರುತ್ತಿದ್ದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ. ದಡದ ಮೇಲೆ ತಂತಿ ಹಾದುಹೋಗಿದ್ದರೆ ಆ ಜಾಗ ಬೇಡ. ತಾಗಬೇಕೆಂದೇನಿಲ್ಲ, ಹತ್ತಿರ ಹೋದರೂ ಕಿಡಿ ಹಾರಬಹುದು. ಗುಡುಗು ಕೇಳಿದರೆ ಕೋಲು ಮಲಗಿಸಿ ದೂರ ಹೋಗಿ.

ಅಣೆಕಟ್ಟಿನ ಕೆಳಗಡೆ ನೀರು ಯಾವಾಗ ಬಿಡುತ್ತಾರೆಂದು ಕೇಳದೆ ನದಿ ನಡುವಿನ ಬಂಡೆಗೆ ಹೋಗಬೇಡಿ. ದಡದಲ್ಲಿ ನೀರಿನ ಮಟ್ಟಕ್ಕೆ ಒಂದು ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ಕಡ್ಡಿ ಎರಡು ಬೆರಳು ಮುಳುಗಿದರೂ, ತಿಳಿಯಾಗಿದ್ದ ನೀರಿಗೆ ಏಕಾಏಕಿ ಕಸ ಬಂದರೂ ಸಾಮಾನು ಬಿಟ್ಟು ಮೇಲೇರಿ.

ಹಿಂತಿರುಗುವಾಗ

ಕತ್ತರಿಸಿದ ದಾರದ ಚೂರನ್ನೆಲ್ಲ ಹೆಕ್ಕಿ ಮನೆಗೆ ತನ್ನಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಉಳಿದ ಎರೆಹುಳುಗಳನ್ನು, ಡಬ್ಬಿಯ ಮೀನನ್ನು ಬೇರೆ ನದಿಗೆ, ಕೆರೆಗೆ ಬಿಡಬೇಡಿ. ಹುಳು ಹಾಗೂ ಮೇವು ಮನೆಗೆ, ಮೀನು ಬಂದ ನೀರಿಗೇ. ಬಲೆ, ಬೂಟು, ಡಬ್ಬಿಗಳನ್ನು ತೊಳೆದು ಪೂರ್ತಿ ಒಣಗಿಸಿದ ಮೇಲಷ್ಟೇ ಇನ್ನೊಂದು ನದಿಗೆ ಒಯ್ಯಿರಿ. ಒದ್ದೆ ಬಲೆಯಲ್ಲಿ ಮೊಟ್ಟೆ, ಕಳೆ, ರೋಗ ಎಲ್ಲವೂ ಸವಾರಿ ಮಾಡುತ್ತವೆ. ಬಳಸಿದ ಗಾಳಗಳನ್ನು ಒರೆಸದೆ ಡಬ್ಬಿಗೆ ಹಾಕಿದರೆ ಬಳಸದವಕ್ಕೂ ತುಕ್ಕು ಹತ್ತುತ್ತದೆ. ಅವನ್ನು ಬೇರೆ ಇಟ್ಟು, ಮರುದಿನ ಉಗುರಿನ ಮೇಲೆ ತುದಿ ಎಳೆದು ನೋಡಿ. ಗೀರು ಬೀಳದೆ ಜಾರಿದರೆ ಆ ಗಾಳ ಮೊಂಡಾಗಿದೆ, ಎಸೆಯಿರಿ.